ಆಕ್ಸೆಲ್ ಬದಲಿಸುವ ಮುಂಚೆ ಇಪ್ಪತ್ತು ಸುತ್ತು

ತಿಪಟೂರು ಕಡೆಯ ತೆಂಗಿನ ತೋಟದವರೊಬ್ಬರು ತಮ್ಮ ಮಾರ್ಕ್ 2 ಅಂಬಾಸಿಡರ್ ಕಾರನ್ನು ತುಮಕೂರಿನ ನಮ್ಮ ಶೆಡ್ಡಿಗೆ ತಂದರು. ಹಿಂದೆಯೇ ಒಂದು ಲಗೇಜ್ ಆಟೋ. ಅದರಲ್ಲಿ ಗುಜರಿಯಿಂದ ಕೊಂಡ, ಹಿಂದಿನ ಎರಡು ಚಕ್ರಗಳನ್ನು ಹೊರುವ ಆಕ್ಸೆಲ್.

"ಅಣ್ಣಾ, ಐವತ್ತು ದಾಟಿದ್ರೆ ಹಿಂದಿಂದ ಗುಂಯ್ ಅನ್ನುತ್ತೆ. ಎಲ್ರೂ ಆಕ್ಸೆಲ್ಲೇ ಬದಲಾಯ್ಸಿ ಅಂತಾರೆ. ಇದನ್ನ ಹಾಕ್ಬಿಡಿ. ಅಪ್ಪನ ಗಾಡಿ, ಮಾರೋಕೆ ಮನಸ್ಸಿಲ್ಲ."

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತುಹೋಯಿತು. ಈಗ ಸಿಗುವ ಆಕ್ಸೆಲ್‌ಗಳು ಹೆಚ್ಚಾಗಿ ಬೇರೆ ಗಾಡಿಯಿಂದ ಬಿಚ್ಚಿದ್ದೇ. ಅದು ಎಷ್ಟು ಓಡಿದೆ, ಒಳಗೆ ಏನಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಸ್ಪ್ಯಾನರ್ ಹಿಡಿಯುವ ಮುಂಚೆ ಗಾಡಿ ಓಡಿಸಿ ಕೇಳುತ್ತೇನೆ.

ಅವರನ್ನು ಓಡಿಸಲು ಬಿಟ್ಟು ನಾನು ಹಿಂದಿನ ಸೀಟಿನಲ್ಲಿ ಕೂತೆ. ಕ್ಯಾತ್ಸಂದ್ರದವರೆಗೆ ಹೋಗಿ ಬಂದೆವು. ತಿರುವಿನಲ್ಲಿ ಒಂದೇ ಕಡೆ ಸದ್ದು ಜಾಸ್ತಿಯಾದರೆ ಚಕ್ರದ ಬೇರಿಂಗ್ ನೋಡಬೇಕು. ಹೊರಡುವಾಗ ಟಕ್ ಅಂದರೆ ಮೊದಲು ನೋಡಬೇಕಾದ್ದು ಪ್ರೊಪೆಲ್ಲರ್ ಶಾಫ್ಟಿನ (ಗೇರ್ ಬಾಕ್ಸಿನಿಂದ ಆಕ್ಸೆಲ್ಲಿಗೆ ಬರುವ ಉದ್ದ ಶಾಫ್ಟು) ಕೀಲಾದ ಕ್ರಾಸ್. ರಸ್ತೆ ಬದಲಾದಾಗ ಸದ್ದೂ ಬದಲಾದರೆ ಅದು ಟೈರು. ಇಲ್ಲಿ ಹಾಗಿರಲಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿ. ತೊಂದರೆ ಪಿನಿಯನ್, ಅಂದರೆ ಆ ಶಾಫ್ಟಿನಿಂದ ತಿರುಗುವ ಆಕ್ಸೆಲ್ ಒಳಗಿನ ಸಣ್ಣ ಹಲ್ಲಿನ ಚಕ್ರ, ಅದರ ಹತ್ತಿರವೇ ಇದೆ ಅನ್ನುವುದು ಗೊತ್ತಾಯಿತು.

ವಾಪಸ್ ಬಂದು ಆಟೋದಲ್ಲಿ ತಂದ ಆಕ್ಸೆಲ್ ಕೆಳಗಿಳಿಸಿ ಎಣಿಸಿದೆವು. ಇದು ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ. ಒಂದು ಕಡೆಯ ಹಬ್ (ಚಕ್ರ ಕೂರುವ ಭಾಗ) ಅಲುಗದಂತೆ ಹಿಡಿಯಿರಿ. ಇನ್ನೊಂದು ಹಬ್ಬಿಗೂ ಪಿನಿಯನ್ನಿನ ಹೊರತುದಿಯ ಫ್ಲಾಂಜಿಗೂ ಸೀಮೆಸುಣ್ಣದ ಗುರುತು ಹಾಕಿ. ಹಬ್ ಇಪ್ಪತ್ತು ಸುತ್ತು ತಿರುಗಿಸಿ. ಒಂದು ಕಡೆ ಹಿಡಿದಿರುವುದರಿಂದ ಒಳಗೆ ಪಿನಿಯನ್ ಜೊತೆ ಕೂಡುವ ದೊಡ್ಡ ಹಲ್ಲಿನ ಚಕ್ರ, ಕ್ರೌನ್ ವೀಲ್, ಹತ್ತೇ ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಪಿನಿಯನ್ ಎಷ್ಟು ಸುತ್ತಿತೋ ಅದನ್ನು ಹತ್ತರಿಂದ ಭಾಗಿಸಿದರೆ ರೇಶಿಯೋ, ಅಂದರೆ ಕ್ರೌನಿನ ಒಂದು ಸುತ್ತಿಗೆ ಪಿನಿಯನ್ ಎಷ್ಟು ಸುತ್ತು ಅನ್ನುವುದು, ಸಿಕ್ಕಿತು. ಎರಡೇ ಸುತ್ತು ತಿರುಗಿಸಿ ಲೆಕ್ಕ ಹಾಕಬೇಡಿ. ಕಾಲು ಸುತ್ತಿನ ವ್ಯತ್ಯಾಸ ಕಣ್ಣಿಗೆ ಕಾಣದೇ ಹೋಗಬಹುದು.

ಗಾಡಿಯಲ್ಲಿದ್ದ ಆಕ್ಸೆಲ್ 45 ಸುತ್ತು ದಾಟಿ ಅರ್ಧ ತಿರುಗಿತು. ಅಂದರೆ ರೇಶಿಯೋ 4.55, ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 9. ಗುಜರಿಯದು 43ಕ್ಕೇ ನಿಂತಿತು, ಅಂದರೆ 4.3. ನೋಡಲು ಎರಡೂ ಅಣ್ಣತಮ್ಮಂದಿರ ಹಾಗಿದ್ದವು.

ಇಷ್ಟು ಸಣ್ಣ ವ್ಯತ್ಯಾಸ ಏನು ಮಾಡುತ್ತದೆ ಅನ್ನಬಹುದು. ತುಂಬಾ ವರ್ಷದ ಹಿಂದೆ ನಾನು ಎಣಿಸದೆ ಹಾಕಿಕೊಟ್ಟ ಒಂದು ಆಕ್ಸೆಲ್‌ನಿಂದ ಇದನ್ನು ಕಲಿತೆ. ಗಾಡಿಯವರು ವಾರ ಕಳೆದು ಬಂದರು. ದೇವರಾಯನದುರ್ಗದ ಏರಿನಲ್ಲಿ ಮುಂಚೆ ಎಳೆಯುತ್ತಿದ್ದ ಗೇರಿನಲ್ಲಿ ಈಗ ಎಳೆಯುತ್ತಿಲ್ಲ ಅಂದರು. ಸ್ಪೀಡೋಮೀಟರ್ ಕೂಡ ತಪ್ಪು ತೋರಿಸುತ್ತಿತ್ತು. ಅದರ ಕೇಬಲ್ ಗೇರ್‌ಬಾಕ್ಸಿನಿಂದ ಬರುತ್ತದೆ, ಚಕ್ರದಿಂದಲ್ಲ. 4.55 ಇದ್ದ ಕಡೆ 4.3 ಹಾಕಿದರೆ ಗಾಡಿ ನಿಜವಾಗಿ 60ರಲ್ಲಿ ಓಡುವಾಗ ಮುಳ್ಳು 57ರ ಹತ್ತಿರ ನಿಲ್ಲುತ್ತದೆ. ನಂಬಿ ಕೊಟ್ಟವರ ಗಾಡಿ. ಪೂರ್ತಿ ಬಿಚ್ಚಿ ಮತ್ತೆ ಮಾಡಿಕೊಟ್ಟೆ.

ಈ ಸಲ ಹಳೆಯ ಆಕ್ಸೆಲ್ ಬಿಚ್ಚಿದಾಗ ಪಿನಿಯನ್ ಬೇರಿಂಗ್ ಸವೆದಿತ್ತು. ಕ್ರೌನ್, ಪಿನಿಯನ್ ಹಲ್ಲುಗಳು ಮಾತ್ರ ಚೆನ್ನಾಗಿದ್ದವು. ಆದರೆ ಹೊರಗಿನ ಕೇಸಿಂಗ್‌ನಲ್ಲಿ ಬ್ಲೇಡ್ ಸೆಟ್ (ಪಟ್ಟಿ ಪಟ್ಟಿ ಸೇರಿಸಿದ ಸ್ಪ್ರಿಂಗ್) ಕೂರುವ ಜಾಗದ ವೆಲ್ಡಿಂಗ್ ಬಿಟ್ಟಿತ್ತು. ಗುಜರಿಯದರ ಕೇಸಿಂಗ್ ನೆಟ್ಟಗಿತ್ತು. ಅಂಬಾಸಿಡರ್ ಆಕ್ಸೆಲ್‌ನ ಒಳ್ಳೆಯ ಗುಣ ಅಂದರೆ, ಎರಡೂ ಕಡೆಯ ಶಾಫ್ಟ್ ಎಳೆದರೆ ಕ್ರೌನ್, ಪಿನಿಯನ್ ಇರುವ ಡಿಫರೆನ್ಷಿಯಲ್ ಇಡಿಯಾಗಿ ಮುಂದಿನಿಂದ ಹೊರಗೆ ಬರುತ್ತದೆ. ಹಾಗಾಗಿ ಹೊರಮೈ ಗುಜರಿಯದು, ಹೊಟ್ಟೆ ಅಪ್ಪನ ಗಾಡಿಯದೇ ಅಂತ ತೀರ್ಮಾನ ಮಾಡಿದೆವು. ಅವರಿಗೆ ಇದು ತುಂಬಾ ಹಿಡಿಸಿತು.

ಒಂದು ಮಾತು. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಕಾರ್ಖಾನೆಯಿಂದ ಬಂದವು. ಇದರ ಕ್ರೌನಿಗೆ ಅದರ ಪಿನಿಯನ್ ಹಾಕಿದರೆ ಸದ್ದು ಹೋಗುವುದಿಲ್ಲ, ಹಲ್ಲೂ ಉಳಿಯುವುದಿಲ್ಲ. ಬೇರಿಂಗ್ ಹೊಸದಾಗಿ ಹಾಕಿದಾಗ ಶಿಮ್ (ಸಂದು ಸರಿಮಾಡುವ ತೆಳು ತಗಡಿನ ಬಿಲ್ಲೆ) ಮತ್ತೆ ಅಳೆದು ಹಾಕಬೇಕು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ಮಧ್ಯೆ ಬೀಳುತ್ತದಾ ನೋಡಬೇಕು. ನನಗೆ ಇದಕ್ಕೇ ಒಂದು ಇಡೀ ದಿನ ಹಿಡಿಯಿತು.

ಕೇಸಿಂಗ್ ಮೇಲೆ ಗಾಳಿ ಬಿಡುವ ಸಣ್ಣ ಬ್ರೀದರ್ ಇರುತ್ತದೆ. ನಮ್ಮ ಕೆಂಪು ಮಣ್ಣಿನ ದೂಳು ಎಣ್ಣೆ ಜಿಡ್ಡಿನ ಜೊತೆ ಸೇರಿ ಅದನ್ನು ಮುಚ್ಚಿಬಿಡುತ್ತದೆ. ಆಕ್ಸೆಲ್ ಬಿಸಿಯಾದಾಗ ಒಳಗಿನ ಗಾಳಿಗೆ ದಾರಿ ಸಿಗದೆ ಆಯಿಲ್ ಸೀಲ್ ಮೂಲಕ ಎಣ್ಣೆ ಹೊರಗೆ ತಳ್ಳುತ್ತದೆ. ಅದು ಹೋಗಿ ಬ್ರೇಕ್ ಶೂ ಮೇಲೆ ಬೀಳುತ್ತದೆ. ಸೀಲ್ ಮೇಲೆ ಸೀಲ್ ಬದಲಿಸಿ ಸೋತವರನ್ನು ನೋಡಿದ್ದೇನೆ. ಒಂದು ತಂತಿ ತೂರಿಸಿ ಆ ತೂತು ಬಿಡಿಸಿದ್ದರೆ ಸಾಕಿತ್ತು. ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿನ ದೂಳನ್ನು ಗಾಳಿ ಹಾಕಿ ಊದಿಸಬೇಡಿ. ಹಳೆಯ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಜೋಡಿಸುವ ಕೆಲಸಕ್ಕೆ ಇಬ್ಬರು ಬೇಕು. ಜಾಕ್ ನಂಬಿ ಯಾರೂ ಕೆಳಗೆ ಹೋಗಬಾರದು, ಸ್ಟ್ಯಾಂಡ್ ಇರಲೇಬೇಕು. ಅಂಬಾಸಿಡರ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಸ್ಟ್ಯಾಂಡ್ ಇಡುವ ಜಾಗ ತುಕ್ಕು ಹಿಡಿದಿದೆಯಾ ಅಂತ ಸುತ್ತಿಗೆಯಿಂದ ತಟ್ಟಿ ನೋಡಿ. ಬ್ಲೇಡ್ ಸೆಟ್ಟಿನ ಸೆಂಟರ್ ಬೋಲ್ಟಿನ ತಲೆ ಕೇಸಿಂಗ್‌ನ ತೂತಿನಲ್ಲಿ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಗಾಡಿ ಏಡಿ ಥರ ಓರೆಯಾಗಿ ಓಡುತ್ತದೆ. ಬ್ಲೇಡ್ ಸೆಟ್ಟಿನ ಮುಂದಿನ ಕಣ್ಣಿನಿಂದ ಆಕ್ಸೆಲ್‌ವರೆಗೆ ಎರಡೂ ಕಡೆ ಟೇಪ್ ಹಿಡಿದು ಅಳೆಯಿರಿ.

ಬ್ಲೇಡ್ ಸೆಟ್ಟಿನ ತುದಿಗಳಲ್ಲಿರುವ ರಬ್ಬರ್ ಬುಷ್ಷಿನ ಬೋಲ್ಟ್‌ಗಳನ್ನು ಗಾಡಿ ಮೇಲಿರುವಾಗ ಪೂರ್ತಿ ಬಿಗಿಯಬೇಡಿ. ಚಕ್ರ ಹಾಕಿ, ಕೆಳಗಿಳಿಸಿ, ಗಾಡಿಯ ಭಾರ ಬಿದ್ದ ಮೇಲೆ ಬಿಗಿಯಿರಿ. ಇಲ್ಲದಿದ್ದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ 90 ನಂಬರ್ ಹೈಪಾಯ್ಡ್ ಎಣ್ಣೆ, ಪ್ಲಗ್ಗಿನ ಮಟ್ಟದವರೆಗೆ ಮಾತ್ರ. ಬ್ರೇಕ್ ಪೈಪ್ ಬಿಚ್ಚಿದ್ದರಿಂದ ಏರ್ ತೆಗೆಯಬೇಕು.

ಆಕ್ಸೆಲನ್ನು ಬ್ಲೇಡ್ ಸೆಟ್ಟಿಗೆ ಬಿಗಿಯುವ ಯು ಬೋಲ್ಟ್ ಹೊಸದು ಹಾಕಿದ್ದೆ. 500 ಕಿಲೋಮೀಟರ್ ಓಡಿಸಿ ಮತ್ತೆ ಬನ್ನಿ ಅಂದಿದ್ದೆ, ತಪ್ಪದೆ ಬಂದರು. ನಾಲ್ಕರಲ್ಲಿ ಮೂರು ಬೋಲ್ಟಿನ ನಟ್ಟುಗಳು ಇನ್ನೂ ಕಾಲು ಸುತ್ತು ತಿರುಗಿದವು.