ರೆಸ್ಕ್ಯೂ ಔಷಧ: ಸೆಳವು ತಾನಾಗಿ ನಿಲ್ಲದಿದ್ದಾಗ

ಮೂರ್ಛೆರೋಗ ಇರುವವರು ಲೆವೆಟಿರಾಸೆಟಮ್, ವಾಲ್‌ಪ್ರೊಯೇಟ್ ಮುಂತಾದ ಮಾತ್ರೆಗಳನ್ನು ದಿನವೂ ನುಂಗುವುದು ಸೆಳವು ಬಾರದಿರಲೆಂದು. ಹಾಗಿದ್ದೂ ಬಂದ ಸೆಳವು ನಿಲ್ಲದೆ ಎಳೆದರೆ, ಇಲ್ಲವೇ ಒಂದರ ಬೆನ್ನಿಗೆ ಇನ್ನೊಂದು ಬರತೊಡಗಿದರೆ, ಇದ್ದಲ್ಲಿಯೇ ಅದನ್ನು ತಡೆಯಲು ಕೊಡುವುದು ರೆಸ್ಕ್ಯೂ ಔಷಧ. ದಿನದ ಮಾತ್ರೆಗೆ ಇದು ಬದಲಿಯಲ್ಲ.

ಮಿಡಜೋಲಾಮ್, ಡಯಾಜೆಪಾಮ್, ಲೊರಾಜೆಪಾಮ್ ಇದಕ್ಕೆ ಬಳಕೆಯಲ್ಲಿರುವ ಔಷಧಗಳು. ನರಕೋಶಗಳ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕಕ್ಕೆ ಇವು ಬಲ ತುಂಬುತ್ತವೆ. ಆದರೆ ಸೆಳವು ಮುಂದುವರಿದಷ್ಟೂ ಗಾಬಾ ಬಂದು ಅಂಟಿಕೊಳ್ಳುವ ತಾಣಗಳಾದ ಗ್ರಾಹಕಗಳು ಕೋಶದ ಮೇಲ್ಮೈಯಿಂದ ಒಳಕ್ಕೆ ಸರಿಯುತ್ತವೆ, ಔಷಧದ ಪರಿಣಾಮ ಕುಗ್ಗುತ್ತದೆ. ಹಾಗಾಗಿ ಸೆಳವು ಶುರುವಾದೊಡನೆ ಗಡಿಯಾರ ನೋಡಬೇಕು. ಮೈ ಸೆಟೆದು ಕೈಕಾಲು ಅದುರುವ ಸೆಳವು 5 ನಿಮಿಷ ದಾಟಿದರೆ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ; 30 ನಿಮಿಷ ದಾಟಿದರೆ ಮಿದುಳಿಗೆ ಕಾಯಂ ಹಾನಿಯ ಭಯವಿದೆ.

ಪ್ರಜ್ಞೆಯಿಲ್ಲದವರ ಬಾಯಿಗೆ ನೀರು, ಮಾತ್ರೆ ಹಾಕುವಂತಿಲ್ಲ. ಗುದದ್ವಾರದ ಮೂಲಕ ಕೊಡುವ ಡಯಾಜೆಪಾಮ್ ಜೆಲ್ ಮಗುವಿಗೆ ಸರಿ, ಕಚೇರಿಯಲ್ಲಿ ಕುಸಿದ ನಲವತ್ತರ ವ್ಯಕ್ತಿಗೆ ಅದನ್ನು ಕೊಡಲು ಯಾರು ಮುಂದಾಗುತ್ತಾರೆ? ಕೆನ್ನೆ ಮತ್ತು ಒಸಡಿನ ನಡುವೆ ಬಿಡುವ ಮಿಡಜೋಲಾಮ್ ದ್ರವ, ಮೂಗಿನ ಸ್ಪ್ರೇ ವಯಸ್ಕರಿಗೆ ಒಗ್ಗುವುದು ಇದೇ ಕಾರಣಕ್ಕೆ. ಅಮೆರಿಕದಲ್ಲಿ ಮಿಡಜೋಲಾಮ್ ಸ್ಪ್ರೇಗೆ 2019ರಲ್ಲಿ, ಡಯಾಜೆಪಾಮ್ ಸ್ಪ್ರೇಗೆ 2020ರಲ್ಲಿ ಅನುಮತಿ ದೊರೆಯಿತು. ರೋಗಿ ಉಸಿರೆಳೆದುಕೊಳ್ಳಬೇಕಿಲ್ಲ, ಮೂಗಿನ ಒಳಪೊರೆಯೇ ಹೀರಿಕೊಳ್ಳುತ್ತದೆ. ಅಮೆರಿಕದ ಈ ಸ್ಪ್ರೇಗಳ ಒಂದೊಂದು ಸಾಧನದಲ್ಲಿ ಇರುವುದು ಒಂದೇ ಒತ್ತಿನ ಔಷಧ. ಸರಿಯಿದೆಯೇ ಎಂದು ಮೊದಲೇ ಒತ್ತಿ ನೋಡಿದರೆ ಅಲ್ಲಿಗೆ ಮುಗಿಯಿತು.

ಮಕ್ಕಳ ಪಕ್ಕದಲ್ಲಿ ಪಾಲಕರೋ ಶಿಕ್ಷಕರೋ ಇರುತ್ತಾರೆ. ಎಷ್ಟೋ ವಯಸ್ಕರು ಒಂಟಿಯಾಗಿರುತ್ತಾರೆ, ಕೆಲಸ ಹೋದೀತೆಂದು ಕಾಯಿಲೆಯನ್ನು ಮುಚ್ಚಿಡುತ್ತಾರೆ. ಸೆಳವುಗಳ ನಡುವೆ ಪೂರ್ತಿ ಎಚ್ಚರವಿರುವ ಕೆಲವರು ತಾವೇ ತೆಗೆದುಕೊಳ್ಳಬಲ್ಲರು. ಉಳಿದವರಿಗೆ ಇನ್ನೊಬ್ಬರ ಕೈ ಬೇಕೇ ಬೇಕು. ಎಷ್ಟು ನಿಮಿಷಕ್ಕೆ, ಎಷ್ಟು ಪ್ರಮಾಣ, ಎರಡನೆಯದನ್ನು ಕೊಡಬಹುದೇ, ಆಂಬುಲೆನ್ಸ್ ಕರೆಯುವುದು ಯಾವಾಗ ಎಂಬುದನ್ನು ವೈದ್ಯರಿಂದ ಬರೆಸಿಕೊಂಡು, ಒಬ್ಬಿಬ್ಬರು ಸಹೋದ್ಯೋಗಿಗಳಿಗಾದರೂ ತೋರಿಸಿಡುವುದು ಔಷಧ ಕೊಳ್ಳುವಷ್ಟೇ ಮುಖ್ಯ. ಬೀಗ ಹಾಕಿದ ಡ್ರಾಯರಿನಲ್ಲಿರುವ ಸ್ಪ್ರೇಯಿಂದ ಯಾರಿಗೂ ಉಪಯೋಗವಿಲ್ಲ.

ಕೊಟ್ಟ ಮೇಲೆ ಮಂಪರು ಸಹಜ. ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ ಉಸಿರಾಟ ಗಮನಿಸಬೇಕು. ಮದ್ಯ ಅಥವಾ ಓಪಿಯಾಯ್ಡ್ (ಮಾರ್ಫಿನ್‌ನಂಥ) ನೋವುನಿವಾರಕ ಒಳಗಿದ್ದರೆ ಉಸಿರು ಕುಗ್ಗುವ ಅಪಾಯ ಹೆಚ್ಚು. ಪದೇ ಪದೇ ಇದರ ಮೊರೆಹೋಗಬೇಕಾಗುತ್ತಿದ್ದರೆ ದಿನದ ಔಷಧದ ಬಗ್ಗೆಯೇ ವೈದ್ಯರು ಮರುಯೋಚನೆ ಮಾಡಬೇಕಾಗುತ್ತದೆ.