ಬಂಡೆಯ ಮೇಲೆ ಬೆಳೆದ ಕಾಲಿಗೆ ಹಿಮದ ಪಾಠ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಮೊದಲ ಸಲ ಬಂದವರು ಇಳಿಯುವಾಗ ಹೆದರಿ ಹಿಂದಕ್ಕೆ ವಾಲುತ್ತಾರೆ. ಆಗ ಕಾಲು ಬಂಡೆಯನ್ನು ಕೆಳಕ್ಕೆ ಒತ್ತುವ ಬದಲು ಮುಂದಕ್ಕೆ ನೂಕುತ್ತದೆ, ಹಿಡಿತ ತಪ್ಪುತ್ತದೆ, ಕೊನೆಗೆ ಕೂತು ತೆವಳುವುದೇ ಗತಿಯಾಗುತ್ತದೆ. ರೂಢಿಯಿದ್ದವರು ಮೈ ನೆಟ್ಟಗಿಟ್ಟು, ಇಡೀ ಪಾದ ಊರಿ ಸರಸರನೆ ಇಳಿದುಬಿಡುತ್ತಾರೆ. ದೊಡ್ಡವರಾದ ಮೇಲೆ ಸ್ಕೀಯಿಂಗ್, ಅಂದರೆ ಕಾಲಿಗೆ ಸ್ಕೀ ಎಂಬ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನು ಕಲಿಯುವವರ ಕಷ್ಟವೂ ಹೆಚ್ಚುಕಡಿಮೆ ಇದೇ. ಕಾಲಿನ ಬಲಕ್ಕಿಂತ ದೊಡ್ಡ ಅಡ್ಡಿ, ಹೆದರಿದ ಮೈ ತಾನಾಗಿ ಹಿಂದಕ್ಕೆ ಸರಿಯುವುದು.

ನಲವತ್ತು ದಾಟಿದ ಮೇಲೆ ಉತ್ತರಾಖಂಡದ ಔಲಿಯಲ್ಲಿ ಸ್ಕೀ ಕಟ್ಟಿಕೊಂಡು ನಿಂತಾಗ ನನಗಿದು ಮೈಯಿಂದಲೇ ಅರ್ಥವಾಯಿತು. ನಮ್ಮ ತುಮಕೂರು ಸೀಮೆಯ ಕಾಲು ಹಿಡಿತವಿರುವ ನೆಲದಲ್ಲಿ ಬೆಳೆದದ್ದು. ರಬ್ಬರ್ ಅಟ್ಟೆಗೂ ಒಣ ಬಂಡೆಗೂ ನಡುವಿನ ಘರ್ಷಣೆಯ ಗುಣಾಂಕ, ಅಂದರೆ ಹಿಡಿತದ ಅಳತೆ, 0.7 ಎಂದಿಟ್ಟುಕೊಂಡರೆ, ಸುಮಾರು 35 ಡಿಗ್ರಿ ಇಳಿಜಾರಿನವರೆಗೂ ಜಾರದೆ ನಿಲ್ಲಬಹುದು. ಜಾರುತ್ತಿರುವ ಸ್ಕೀಗೂ ಹಿಮಕ್ಕೂ ನಡುವೆ ಈ ಗುಣಾಂಕ 0.05ರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಮೂರು ಡಿಗ್ರಿ ಇಳಿಜಾರಿದ್ದರೂ ಸಾಕು, ಒಮ್ಮೆ ಹೊರಟ ಸ್ಕೀ ನಿಲ್ಲುವುದಿಲ್ಲ. ಕಣ್ಣಿಗೆ ಮಟ್ಟಸ ಎನಿಸುವ ಜಾಗವೂ ಸ್ಕೀಗೆ ಇಳಿಜಾರೇ. ಹತ್ತು ಡಿಗ್ರಿಯ ಇಳಿಜಾರಿನಲ್ಲಿ ಸ್ಕೀಗಳನ್ನು ನೇರ ಬಿಟ್ಟರೆ ಐದು ಸೆಕೆಂಡಿನಲ್ಲಿ ಸುಮಾರು 15 ಮೀಟರ್ ಸಾಗಿ, ವೇಗ ಗಂಟೆಗೆ 20 ಕಿ.ಮೀ. ದಾಟಿರುತ್ತದೆ.

ಹಿಮ ಇಷ್ಟೊಂದು ಏಕೆ ಜಾರುತ್ತದೆ? ಭಾರ ಬಿದ್ದ ಕಡೆ ಒತ್ತಡಕ್ಕೆ ಹಿಮ ಕರಗುತ್ತದೆ ಎಂಬ ಉತ್ತರ ಬಹುಕಾಲ ಪಠ್ಯಪುಸ್ತಕಗಳಲ್ಲಿತ್ತು. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಮಂಜುಗಡ್ಡೆಯ ಕರಗುವ ಬಿಂದುವನ್ನು ಒಂದು ಡಿಗ್ರಿ ಇಳಿಸಬೇಕಾದರೆ ವಾತಾವರಣದ ಒತ್ತಡದ 130 ಪಟ್ಟಿಗಿಂತ ಹೆಚ್ಚು ಒತ್ತಡ ಬೇಕು. 70 ಕಿಲೋ ತೂಕದವರು ಒಂದೂವರೆ ಮೀಟರ್ ಉದ್ದದ ಎರಡು ಸ್ಕೀಗಳ ಮೇಲೆ ನಿಂತರೆ ಬೀಳುವ ಒತ್ತಡ ವಾತಾವರಣದ ಒತ್ತಡದ ನೂರರಲ್ಲಿ ಮೂರು ಪಾಲು. ಸ್ಕೀಗೆ ನಿಜವಾಗಿ ತಗಲುವುದು ಹಿಮದ ಹರಳುಗಳ ತುದಿಗಳು ಮಾತ್ರ ಎಂದು ಒಪ್ಪಿಕೊಂಡರೂ ಕೊರೆವ ಚಳಿಯಲ್ಲಿ ಜಾರುವುದಕ್ಕೆ ಈ ವಿವರಣೆ ಸಾಲದು. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ಯೂಂಗ್‌ಫ್ರೌಯೋಖ್‌ನಲ್ಲೂ ಪ್ರಯೋಗ ನಡೆಸಿ, ಉಜ್ಜಾಟದ ಶಾಖವೇ ಹರಳುಗಳ ತುದಿ ಕರಗಿಸಿ ತೆಳುವಾದ ನೀರಿನ ಪೊರೆ ಹುಟ್ಟಿಸುತ್ತದೆ ಎಂದರು. ಅದಕ್ಕೂ ಮೊದಲೇ, 1850ರ ಸುಮಾರಿಗೆ, ಮಂಜುಗಡ್ಡೆಯ ಮೇಲ್ಮೈ ತನ್ನಷ್ಟಕ್ಕೇ ದ್ರವದಂಥ ಪದರ ಹೊಂದಿರುತ್ತದೆ ಎಂದು ಮೈಕೆಲ್ ಫ್ಯಾರಡೆ ಸೂಚಿಸಿದ್ದರು. ಇಂದಿನ ತಿಳಿವಳಿಕೆಯಲ್ಲಿ ಈ ಎರಡಕ್ಕೂ ಜಾಗವಿದೆ. ಚಳಿ ವಿಪರೀತವಾದಾಗ ಪೊರೆ ಸರಿಯಾಗಿ ಹುಟ್ಟದೆ, ಸ್ಕೀ ಮರಳಿನ ಮೇಲೆ ಎಳೆದಂತೆ ಕಚ್ಚಿಕೊಳ್ಳುತ್ತದೆ.

ಈಗ ಮೈಯ ವಿಷಯಕ್ಕೆ ಬರೋಣ. ಸ್ಕೀ ಬೂಟು ಎಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು. ಬಕಲ್ ಬಿಗಿದ ಮೇಲೆ ಕಣಕಾಲು ಅಕ್ಕಪಕ್ಕ ಹೊರಳುವುದಿಲ್ಲ, ಮುಂದಕ್ಕೆ ಮಾತ್ರ ತುಸು ಬಾಗುತ್ತದೆ. ಮೊಣಕಾಲಿನ ಕೆಳಗಿನ ಮುಂಗಾಲ ಮೂಳೆ ಬೂಟಿನ ಮುಂಭಾಗದ ನಾಲಿಗೆಗೆ ಒತ್ತಿಕೊಂಡಿರಬೇಕು. ಅಲ್ಲಿ ಒತ್ತು ಸಿಕ್ಕರೆ ಸ್ಕೀಯ ಮೂತಿ ಹಿಮವನ್ನು ಕಚ್ಚುತ್ತದೆ, ಹೇಳಿದಂತೆ ಕೇಳುತ್ತದೆ. ಭಾರ ಹಿಮ್ಮಡಿಗೆ ಹೋಯಿತೆಂದರೆ ಮೂತಿ ಹಗುರಾಗಿ ಅತ್ತಿತ್ತ ಅಲೆಯುತ್ತದೆ, ತಿರುವೂ ಇಲ್ಲ, ತಡೆಯೂ ಇಲ್ಲ. ಸುರಕ್ಷಿತವಾಗಿರಬೇಕಾದರೆ ಕಣಿವೆಯ ಕಡೆಗೇ ಬಾಗಬೇಕು. ಹುಟ್ಟಿದಾಗಿನಿಂದ ಮೈ ಕಲಿತದ್ದಕ್ಕೆ ಇದು ತದ್ವಿರುದ್ಧ.

ಒಳಕಿವಿಯ ಮೂರು ಅರೆವರ್ತುಲ ನಾಳಗಳು ತಲೆ ಹೊರಳಿದ್ದನ್ನು ಹೇಳುತ್ತವೆ. ಸ್ನಾಯು ಮತ್ತು ಕೀಲುಗಳ ನರತುದಿಗಳು ಅಂಗಾಂಗಗಳ ಸ್ಥಾನ ತಿಳಿಸುತ್ತವೆ, ಕಣ್ಣು ಉಳಿದದ್ದನ್ನು ಸೇರಿಸುತ್ತದೆ. ಕಿರುಮೆದುಳು ಇವನ್ನೆಲ್ಲ ಒಟ್ಟುಗೂಡಿಸಿ, ಮುಂದಿನ ಕ್ಷಣ ಏನಾಗಬಹುದೆಂದು ಮೊದಲೇ ಊಹಿಸುತ್ತದೆ. ಬಂಡೆಯ ಮೇಲೆ ಆ ಊಹೆ ತಪ್ಪುವುದು ಅಪರೂಪ. ಹಿಮದ ಮೇಲೆ ಹೆಜ್ಜೆಹೆಜ್ಜೆಗೂ ತಪ್ಪುತ್ತದೆ. ತಪ್ಪಿದಾಗಲೆಲ್ಲ ಕಿರುಮೆದುಳಿಗೆ ದೋಷದ ಸಂಕೇತ ಹೋಗಿ, ಅಲ್ಲಿನ ನರಕೋಶಗಳ ಬೆಸುಗೆ ತುಸುತುಸುವೇ ಬದಲಾಗುತ್ತದೆ. ನಾವು ಕಲಿಕೆ ಎನ್ನುವುದರ ಬಹುಪಾಲು ಇದೇ. ಆದ್ದರಿಂದ ಮೊದಲ ದಿನ ಬೀಳುವವರನ್ನು ಕಂಡು ನಗಬಾರದು, ಅವರ ಮೆದುಳು ಗಂಭೀರವಾದ ಕೆಲಸದಲ್ಲಿದೆ.

ಹೇಗೆ ಹೇಳಿಕೊಟ್ಟರೆ ಬೇಗ ಬರುತ್ತದೆ ಎಂಬುದಕ್ಕೆ ಸ್ಕೀಯಿಂಗ್ ಕ್ಷೇತ್ರದಿಂದಲೇ ಬಂದ ಒಂದು ಸೊಗಸಾದ ಪ್ರಯೋಗವಿದೆ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡುವ ಸಂಶೋಧಕಿ ಗಾಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ್ದು. ಸ್ಕೀ ಚಲನೆಯನ್ನು ಅನುಕರಿಸುವ ಯಂತ್ರದ ಮೇಲೆ ನಿಂತವರಲ್ಲಿ ಕೆಲವರಿಗೆ ‘ಹೊರಗಿನ ಪಾದವನ್ನು ಒತ್ತಿ’ ಎಂದರು, ಕೆಲವರಿಗೆ ‘ಹೊರಗಿನ ಚಕ್ರಗಳನ್ನು ಒತ್ತಿ’ ಎಂದರು. ಚಕ್ರಗಳು ಇದ್ದದ್ದು ಪಾದದ ಕೆಳಗೇ. ಆದರೂ ಚಕ್ರದ ಮೇಲೆ ಗಮನವಿಟ್ಟವರೇ ಚೆನ್ನಾಗಿ ಕಲಿತರು. ತನ್ನ ಮೈಯನ್ನೇ ಗಮನಿಸುತ್ತ ಹೋದರೆ, ತಾನಾಗಿ ನಡೆಯಬೇಕಾದ ಚಲನೆಗೆ ಅಡ್ಡಿಯಾಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ನನಗೆ ಕಲಿಸಿದವರೂ ‘ಮೊಣಕಾಲು ಬಗ್ಗಿಸಿ’ ಎನ್ನುವುದನ್ನು ಬಿಟ್ಟು ‘ಬೂಟಿನ ನಾಲಿಗೆ ಒತ್ತಿ, ಕೆಳಗಿನ ಮರ ನೋಡಿ’ ಎಂದ ಮೇಲೆ ನನ್ನ ಕಾಲು ಮಾತು ಕೇಳತೊಡಗಿತು.

ಮೊದಲು ಕಲಿಸುವುದು ಸ್ನೋಪ್ಲೋ. ಎರಡೂ ಸ್ಕೀಗಳ ಮೂತಿ ಹತ್ತಿರ, ಹಿಂಬದಿ ಅಗಲ. ಒಳ ಅಂಚುಗಳು ಹಿಮವನ್ನು ಕೆರೆಯುತ್ತ ವೇಗವನ್ನು ತಿನ್ನುತ್ತವೆ. ಆ ಭಂಗಿಯಲ್ಲೇ ಎಡ ಸ್ಕೀಗೆ ಹೆಚ್ಚು ಭಾರ ಕೊಟ್ಟರೆ ಬಲಕ್ಕೆ ತಿರುಗುತ್ತೇವೆ. ಸ್ಕೀ ನಡುವೆ ಕಿರಿದು, ತುದಿಗಳಲ್ಲಿ ಅಗಲ. ಅದನ್ನು ಅಂಚಿನ ಮೇಲೆ ವಾಲಿಸಿ ಒತ್ತಿದಾಗ ಬಿಲ್ಲಿನಂತೆ ಬಾಗಿ ತಾನೇ ಕಮಾನು ಕೊರೆಯುತ್ತದೆ.

ವಯಸ್ಸಾದ ಮೆದುಳು ಗಟ್ಟಿಯಾಗಿಬಿಟ್ಟಿರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2004ರಲ್ಲಿ ಜರ್ಮನಿಯ ಸಂಶೋಧಕರು ಯುವಜನರಿಗೆ ಮೂರು ತಿಂಗಳು ಮೂರು ಚೆಂಡುಗಳನ್ನು ಎಸೆದು ಹಿಡಿಯುವುದನ್ನು ಕಲಿಸಿದರು. ಚಲಿಸುವ ವಸ್ತುಗಳನ್ನು ಗುರುತಿಸುವ ಭಾಗದಲ್ಲಿ ಮೆದುಳಿನ ಬೂದು ದ್ರವ್ಯ ಹೆಚ್ಚಿದ್ದು ಸ್ಕ್ಯಾನ್‌ನಲ್ಲಿ ಕಂಡಿತು. 2008ರಲ್ಲಿ 60ರ ಆಸುಪಾಸಿನವರ ಮೇಲೆ ಅದೇ ಪ್ರಯೋಗ ನಡೆಸಿದಾಗಲೂ ಬದಲಾವಣೆ ಕಂಡುಬಂತು, ಆದರೆ ಕೌಶಲ ಪೂರ್ತಿ ಕೈಗೆ ಹತ್ತಿದವರ ಸಂಖ್ಯೆ ಕಡಿಮೆಯಿತ್ತು.

ಮೊಣಕಾಲಿನ ಬಗ್ಗೆ ಮಾತ್ರ ಎಚ್ಚರ ಬೇಕು. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಗೆ ಬೈಂಡಿಂಗ್ ಎನ್ನುತ್ತಾರೆ. ಜೋರಾಗಿ ಎಳೆದಾಗ ಬೂಟನ್ನು ಬಿಟ್ಟುಕೊಡುವ ಬೈಂಡಿಂಗ್ ಬಂದ ಮೇಲೆ ಕಾಲಿನ ಮೂಳೆ ಮುರಿತ ಇಳಿಯಿತು, ಆದರೆ ಮೊಣಕಾಲಿನ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜು ಹರಿಯುವುದು ಉಳಿಯಿತು. ಹಿಂದಕ್ಕೆ ಕುಸಿಯುವಾಗ ಹಟ ಹಿಡಿದು ಏಳಲು ಹೋದರೆ ಆ ಅಪಾಯ ಹೆಚ್ಚು. ಪಕ್ಕಕ್ಕೆ ಬಿದ್ದು, ಜಾರಾಟ ನಿಂತ ಮೇಲೆಯೇ ಏಳಬೇಕು. ಹೊಸ ಹಿಮ ನೇರಳಾತೀತ ಕಿರಣಗಳ ನೂರಕ್ಕೆ 80 ಪಾಲಿನವರೆಗೆ ಹಿಂದಿರುಗಿಸುವುದರಿಂದ ಗಾಗಲ್ಸ್ ಬಿಡುವಂತಿಲ್ಲ.

ನಮ್ಮೂರಿನಿಂದ ಹೊರಡುವವರಿಗೆ ಇನ್ನೊಂದು ಮಾತು. ಹೊಸದಾಗಿ ಕಲಿತ ಚಲನೆಯನ್ನು ಮೆದುಳು ನಿದ್ದೆಯಲ್ಲೂ ತಿದ್ದುತ್ತಿರುತ್ತದೆ. 2002ರ ಒಂದು ಪ್ರಯೋಗದಲ್ಲಿ ಬೆರಳು ಬಡಿಯುವ ಕ್ರಮ ಕಲಿತವರು ಒಂದು ರಾತ್ರಿಯ ನಿದ್ದೆಯ ನಂತರ, ಮತ್ತೆ ಅಭ್ಯಾಸ ಮಾಡದೆಯೇ, ಸುಮಾರು 20 ಶೇಕಡ ವೇಗವಾದರು. ಹಾಗಾಗಿ ಪ್ರವಾಸದ ನಡುವೆ ಒಂದು ಗಂಟೆಗೆ ಸ್ಕೀ ಬಾಡಿಗೆ ಪಡೆದು, ಫೋಟೊ ತೆಗೆಸಿಕೊಂಡು ಬರುವುದರಿಂದ ಕಲಿಕೆ ಆಗುವುದಿಲ್ಲ. ಔಲಿಯಲ್ಲಿ, ಗುಲ್ಮಾರ್ಗ್‌ನಲ್ಲಿ ಕೆಲವು ದಿನಗಳ ತರಬೇತಿ ಸಿಗುತ್ತದೆ, ಜನವರಿಯಿಂದ ಮಾರ್ಚ್ ಅದರ ಕಾಲ. ಹೊರಡುವ ಮುನ್ನ ಒಂದೆರಡು ತಿಂಗಳು ಬೆಟ್ಟ ಹತ್ತಿಳಿಯಿರಿ. ಇಳಿಯುವಾಗ ಮೈ ಹಿಂದಕ್ಕೆ ಬಿಡಬೇಡಿ.