ಮರದ ಅಲೆಗಳು

ಒಂದು ಸ್ಕ್ರೂವನ್ನು ಕಣ್ಣೆದುರು ಅಡ್ಡ ಹಿಡಿದು ನಿಧಾನಕ್ಕೆ ತಿರುಗಿಸಿ. ಮೈಮೇಲಿನ ಸುತ್ತುಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯುವಂತೆ ಕಾಣುತ್ತವೆ, ಅಲ್ವಾ? ಸ್ಕ್ರೂ ಮಾತ್ರ ಇದ್ದಲ್ಲೇ ಇದೆ.

ಸ್ವೀಡನ್ನಿನ ಒಂದು ಹಳೆಯ ರಂಗಮಂದಿರದಲ್ಲಿ ಇದೇ ಉಪಾಯದಿಂದ ಕಡಲು ಏಳುತ್ತದೆ. ಸ್ಟಾಕ್‌ಹೋಮ್ ನಗರದ ಆಚೆ, ಸರೋವರದ ನಡುವಿನ ಲೋವೆನ್ ದ್ವೀಪದಲ್ಲಿರುವ ಡ್ರಾಟ್ನಿಂಗ್‌ಹೋಮ್ ಅರಮನೆಯ ರಂಗಮಂದಿರ ಅದು. ಕಟ್ಟಿದ್ದು 1766ರಲ್ಲಿ. ಇಟಲಿಯ ಡೊನಾಟೊ ಸ್ಟೊಪಾನಿ ರೂಪಿಸಿದ ಅದರ ಯಂತ್ರಗಳೆಲ್ಲ ಮರ ಮತ್ತು ಹಗ್ಗದವು. ಓಡಿಸುವುದು ಮನುಷ್ಯರ ತೋಳು.

ವೇದಿಕೆಯ ಕೆಳಗೆ ಉದ್ದ ಹಿಡಿಗಳ ದೊಡ್ಡ ರಾಟೆಯಿದೆ. ಹಿಡಿ ಉದ್ದವಾದಷ್ಟೂ ಕಡಿಮೆ ಬಲ ಸಾಕು. ಕೆಲವರು ಸೇರಿ ತಳ್ಳಿದರೆ ಎರಡೂ ಬದಿಯ ಚಿತ್ರದ ಹಲಗೆಗಳು ಒಟ್ಟಿಗೆ ಸರಿದು, ಕೆಲವೇ ಸೆಕೆಂಡಿನಲ್ಲಿ ಕಾಡು ಹೋಗಿ ಅರಮನೆ ಬರುತ್ತದೆ.

ಗುಡುಗಿಗೆ ಕಲ್ಲು ತುಂಬಿದ ಮರದ ಪೆಟ್ಟಿಗೆ. ಮಿಂಚು ಕಿಲೋಮೀಟರುಗಟ್ಟಲೆ ಉದ್ದ ಇರುತ್ತದೆ. ಹತ್ತಿರದ ತುದಿಯ ಸದ್ದು ಮೊದಲು ಬರುತ್ತದೆ, ದೂರದ್ದು ಆಮೇಲೆ. ಅದಕ್ಕೇ ಗುಡುಗು ಒಂದೇ ಏಟಿಗೆ ಮುಗಿಯದೆ ಉರುಳುತ್ತದೆ. ಪೆಟ್ಟಿಗೆ ವಾಲಿಸಿದಾಗ ಕಲ್ಲುಗಳೂ ಒಂದರ ಹಿಂದೆ ಒಂದು ಬಡಿಯುತ್ತವೆ, ಹಲಗೆ ಅದುರಿ ಸದ್ದನ್ನು ಹರಡುತ್ತದೆ.

1792ರಲ್ಲಿ ದೊರೆ ಮೂರನೇ ಗುಸ್ತಾವ್ ಕೊಲೆಯಾದ ಮೇಲೆ ಇಲ್ಲಿನ ವೈಭವ ಮುಗಿಯಿತು. 1921ರಲ್ಲಿ ರಂಗಭೂಮಿ ಇತಿಹಾಸಕಾರ ಆಗ್ನೆ ಬೆಯೆರ್ ಯಾವುದೋ ಚಿತ್ರಪಟ ಹುಡುಕುತ್ತಾ ಒಳಗೆ ಬಂದರು. ಧೂಳಿನ ಅಡಿಯಲ್ಲಿ ಯಂತ್ರಗಳು ಹಾಗೇ ಇದ್ದವು! ಯಾರೂ ತಿರುಗಿ ನೋಡದ್ದರಿಂದಲೇ, ಹೊಸದು ಮಾಡಲು ಯಾರೂ ಕಿತ್ತು ಹಾಕಿರಲಿಲ್ಲ. ಮರುವರ್ಷವೇ ಬಾಗಿಲು ತೆರೆಯಿತು.

ನನಗೆ ಜಾಸ್ತಿ ಇಷ್ಟ ಆ ಕಡಲೇ. ಸ್ಕ್ರೂವಿನಂತೆ ತಿರುಚಿದ, ನೀಲಿ ಬಣ್ಣದ ಉದ್ದ ಉರುಳೆಗಳು ಒಂದರ ಹಿಂದೆ ಒಂದು ಅಡ್ಡ ಮಲಗಿವೆ. ಹಿಡಿ ತಿರುಗಿಸಿದರೆ ಅಲೆಯ ನೆತ್ತಿ ವೇದಿಕೆಯ ಈ ಬದಿಯಿಂದ ಆ ಬದಿಗೆ ಸಾಗುತ್ತದೆ. ಇದು ಸುಮ್ನೆ ಕಣ್ಕಟ್ಟು ಅನ್ನಬೇಡಿ. ಆಳದ ಕಡಲಿನಲ್ಲಿ ಅಲೆ ಸಾಗುವಾಗ ನೀರು ಅದರ ಜೊತೆ ಊರು ಬಿಟ್ಟು ಹೋಗುವುದಿಲ್ಲ. ಪ್ರತಿ ಹನಿಯೂ ಹೆಚ್ಚುಕಡಿಮೆ ಇದ್ದಲ್ಲೇ ಒಂದು ಸುತ್ತು ಹಾಕುತ್ತದೆ. ಮುಂದೆ ಹೋಗುವುದು ಆಕಾರ ಮಾತ್ರ. ಉರುಳೆಯ ಮೇಲಿನ ಪ್ರತಿ ಚುಕ್ಕಿಯೂ ಹಾಗೇ ಇದ್ದಲ್ಲೇ ಸುತ್ತುತ್ತದೆ, ಅಲೆ ಮಾತ್ರ ಮುಂದೆ ಹೋಗುತ್ತದೆ. ಹನಿಗೂ ಚುಕ್ಕಿಗೂ ಸುತ್ತು ಹಾಕುವ ದಿಕ್ಕು ಬೇರೆ, ಅಷ್ಟೇ.